ಗುತ್ತಿನ ಮನೆಯ ಮರದ ಹಂದಿ ಯಾರ ಸ್ವತ್ತು? ಕರಾವಳಿಯ ದೈವದ ಉರುಗಳ ಸುತ್ತ ಕಾನೂನು, ನಂಬಿಕೆ ಮತ್ತು ಮಾರುಕಟ್ಟೆ

2024ರ ಜುಲೈ 26ರಂದು, ದೆಹಲಿಯಲ್ಲಿ ವಿಶ್ವ ಪರಂಪರೆ ಸಮಿತಿಯ ಅಧಿವೇಶನ ನಡೆಯುತ್ತಿದ್ದಾಗಲೇ, ಪುರಾತನ ವಸ್ತುಗಳ ಅಕ್ರಮ ಸಾಗಣೆ ತಡೆಯುವ ಸಾಂಸ್ಕೃತಿಕ ಆಸ್ತಿ ಒಪ್ಪಂದಕ್ಕೆ ಭಾರತ ಮತ್ತು ಅಮೆರಿಕ ಸಹಿ ಹಾಕಿದವು. ಎರಡು ತಿಂಗಳ ಬಳಿಕ, ಪ್ರಧಾನಿಯವರ ಅಮೆರಿಕ ಭೇಟಿಯ ಹೊತ್ತಿಗೆ, 297 ಪ್ರಾಚ್ಯವಸ್ತುಗಳು ಹಿಂದಿರುಗುವ ಸುದ್ದಿ ಬಂತು. ಅಂಥ ಸುದ್ದಿಗಳಲ್ಲಿ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಕಲ್ಲಿನ ಮತ್ತು ಕಂಚಿನ ವಿಗ್ರಹಗಳು. ಮರದ ವಸ್ತುಗಳ ಮಾತು ಬರುವುದು ಅಪರೂಪ.

ಕರಾವಳಿಯಲ್ಲಿ ಮಾತ್ರ ಮರದ ಪ್ರಶ್ನೆಯೇ ಮುಂದೆ ಬಂದಿದೆ. 2022ರಲ್ಲಿ ಕನ್ನಡ ಚಿತ್ರವೊಂದು ಹಂದಿರೂಪದ ದೈವ ಪಂಜುರ್ಲಿಯನ್ನು ದೇಶದ ಮನೆಮನೆಗೂ ಪರಿಚಯಿಸಿದ ಮೇಲೆ ಹಂದಿಮೊಗದ ಮರದ ಕೆತ್ತನೆಗಳಿಗೆ ಆನ್‌ಲೈನ್ ಮಳಿಗೆಗಳಲ್ಲಿ ಎಲ್ಲಿಲ್ಲದ ಬೇಡಿಕೆ. ‘ಪುರಾತನ’, ‘ನೂರು ವರ್ಷ ಹಳೆಯದು’ ಎಂಬ ಚೀಟಿ ಅಂಟಿಸಿಕೊಂಡ ಹಂದಿ, ಹುಲಿ, ಕೋಣಗಳು ಬಿಕರಿಗಿವೆ. ಒಂದು ಕಡೆ ಪುರಾತನ ವಸ್ತು ಮಾರಿದರೆ ಜೈಲು ಎನ್ನುತ್ತಾರೆ, ಇನ್ನೊಂದು ಕಡೆ ಅದೇ ವಸ್ತು ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಬಾಗಿಲಿಗೆ ಬರುತ್ತದೆ. ಊರಿನ ಹಿರಿಯ ಮನೆತನದ, ಅಂದರೆ ಗುತ್ತಿನ ಮನೆಯ ಚಾವಡಿಯಲ್ಲಿರುವ ಅಜ್ಜನ ಕಾಲದ ಹುಲಿಯನ್ನು ಸರ್ಕಾರ ಒಯ್ಯಬಹುದೇ? ಹೊಸದಾಗಿ ಕೆತ್ತಿಸಿದ ಪಂಜುರ್ಲಿಯನ್ನು ನ್ಯೂಜೆರ್ಸಿಯ ಮಗನಿಗೆ ಕಳುಹಿಸಿದರೆ ತಪ್ಪೇ? ಉತ್ತರ ಕೊಡುವ ಕಾನೂನು ಇದೆ. ತೊಡಕು ಏನೆಂದರೆ, ಆ ಕಾನೂನು ಬರೆದವರ ಮನಸ್ಸಿನಲ್ಲಿದ್ದದ್ದು ಕಲ್ಲು, ಲೋಹ. ಹಲಸಿನ ಮರಕ್ಕೆ ಅದು ಸಲೀಸಾಗಿ ಹೊಂದುವುದಿಲ್ಲ.

ಯಾವ ಪ್ರಾಣಿಗಳು, ಏಕೆ

ತುಳುನಾಡಿನ ದೈವಗಳಲ್ಲಿ ಹಲವಕ್ಕೆ ಪ್ರಾಣಿರೂಪವಿದೆ. ಪಂಜುರ್ಲಿ ಹಂದಿ, ಪಿಲಿಚಾಮುಂಡಿ ಹುಲಿ, ಮೈಸಂದಾಯ ಕೋಣ. ಕಾಡಿನ ಅಂಚಿನಲ್ಲಿ ಗದ್ದೆ ಮಾಡಿಕೊಂಡವರಿಗೆ ರಾತ್ರಿ ಪೈರಿಗೆ ನುಗ್ಗುವ ಹಂದಿಯೇ ದೊಡ್ಡ ಭಯ. ಆ ಭಯವನ್ನು ಕೈಮುಗಿದು ಒಲಿಸಿಕೊಂಡು ಕಾವಲಿಗೆ ನಿಲ್ಲಿಸಿದ ಬಗೆಯೇ ಪಂಜುರ್ಲಿ ಆರಾಧನೆಯ ಮೂಲ ಎಂದು ವಿದ್ವಾಂಸರು ವಿವರಿಸುತ್ತಾರೆ. ತುಳುವಿನ ಜನಪದ ಹಾಡುಗಳಾದ ಪಾಡ್ದನಗಳು ಅದನ್ನು ಶಿವನ ತೋಟದ ಹಂದಿಯ ಕಥೆಯಾಗಿ ಹಾಡುತ್ತವೆ.

ದೈವಸ್ಥಾನಗಳಲ್ಲಿ ಈ ಪ್ರಾಣಿಗಳು ಹಲವು ಬಗೆಯಲ್ಲಿ ಕಾಣಿಸುತ್ತವೆ. ದೈವ ಆವೇಶಗೊಳ್ಳುವ ಪಾತ್ರಿಯ ಮುಖಕ್ಕೆ ಹಿಡಿಯುವ ಮೊಗಗಳು ಹೆಚ್ಚಾಗಿ ಬೆಳ್ಳಿ, ಹಿತ್ತಾಳೆ, ಕಂಚಿನವು. ಗುಡಿಯೊಳಗೆ ನಿಲ್ಲಿಸುವ ಆಳೆತ್ತರದ ಉರುಗಳು (ಕೆತ್ತಿದ ಮೂರ್ತಿಗಳು), ಉಯ್ಯಾಲೆ ಮಂಚದ ಮೇಲಿನ ಬಿಂಬಗಳು, ದೈವದ ಉತ್ಸವವಾದ ನೇಮದ ದಿನ ಭಕ್ತರು ಎಳೆಯುವ ಗಾಲಿಯುಳ್ಳ ಬಂಡಿಗಳು ಮರದವು. ಗೊಂದಲವಿರುವುದು ಈ ಮರದವುಗಳ ಬಗ್ಗೆಯೇ.

ಕಾನೂನಿನಲ್ಲಿ ಬರೆದಿರುವುದು

ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ ಬಂದದ್ದು 1972ರಲ್ಲಿ, ಜಾರಿಯಾದದ್ದು 1976ರ ಏಪ್ರಿಲ್ 5ರಂದು. ಕನಿಷ್ಠ 100 ವರ್ಷ ಹಳೆಯದಾದ ಶಿಲ್ಪ, ಚಿತ್ರ, ಕರಕುಶಲ ವಸ್ತು, ಕಟ್ಟಡದಿಂದ ಕಳಚಿದ ಭಾಗ ಇವೆಲ್ಲ ಪುರಾತನ ವಸ್ತುಗಳು. ಹಸ್ತಪ್ರತಿಗಳಿಗೆ ಮಾತ್ರ 75 ವರ್ಷ ಸಾಕು. ಇವನ್ನು ಹೊರದೇಶಕ್ಕೆ ಕಳುಹಿಸುವ ಅಧಿಕಾರ ಕೇಂದ್ರ ಸರ್ಕಾರ ಮತ್ತು ಅದು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಬೇರೆಯವರು ಕಳುಹಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ.

ದೇಶದೊಳಗೆ ಮಾರುವುದು ಅಪರಾಧವೆಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಪುರಾತನ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು, ಕೆಲವು ವರ್ಗದ ವಸ್ತುಗಳನ್ನು ಹೊಂದಿರುವವರು ಅವನ್ನು ನೋಂದಾಯಿಸಬೇಕು, ನೋಂದಾಯಿತ ವಸ್ತು ಕೈ ಬದಲಾದರೆ ತಿಳಿಸಬೇಕು. ನೋಂದಣಿಯ ಪಟ್ಟಿಯಲ್ಲಿ ಕಲ್ಲು, ಸುಟ್ಟಮಣ್ಣು, ಲೋಹ, ದಂತದ ಶಿಲ್ಪಗಳ ಜೊತೆ ಕೆತ್ತಿದ ಮರದ ಶಿಲ್ಪಗಳೂ ಇವೆ. ಅಂದರೆ 100 ವರ್ಷ ದಾಟಿದ ಮರದ ಪಂಜುರ್ಲಿಯನ್ನು ನೋಂದಾಯಿಸಲೇಬೇಕು.

ಆದರೂ ಮನೆತನಗಳು ನೋಂದಣಿಯ ಗೊಡವೆಗೆ ಹೋಗುವುದಿಲ್ಲ. ಕಾರಣ ಬಹಳ ಸರಳ: ಹೆಸರು ಬರೆಸಿದರೆ ನಾಳೆ ಸರ್ಕಾರ ಎತ್ತಿಕೊಂಡು ಹೋಗುತ್ತದೆ ಎಂಬ ಅಂಜಿಕೆ. ಈ ಅಂಜಿಕೆಗೆ ಕಾಯ್ದೆಯಲ್ಲೇ ಉತ್ತರವಿದೆ. ಪುರಾತನ ವಸ್ತುವನ್ನು ಕಡ್ಡಾಯವಾಗಿ ವಶಪಡಿಸಿಕೊಳ್ಳುವ ಅಧಿಕಾರವನ್ನು 19ನೆಯ ಸೆಕ್ಷನ್ ಸರ್ಕಾರಕ್ಕೆ ಕೊಡುತ್ತದೆ ನಿಜ, ಆದರೆ ಪ್ರಾಮಾಣಿಕವಾಗಿ ಧಾರ್ಮಿಕ ಆಚರಣೆಗೆ ಬಳಕೆಯಾಗುತ್ತಿರುವ ವಸ್ತುವಿಗೆ ಅದು ಅನ್ವಯಿಸುವುದಿಲ್ಲ ಎಂದು ಅಲ್ಲೇ ಹೇಳಿದೆ. ಪೂಜೆಗೊಳ್ಳುತ್ತಿರುವ ದೈವವನ್ನು ಈ ಸೆಕ್ಷನ್ ಬಳಸಿ ಸರ್ಕಾರ ಒಯ್ಯುವಂತಿಲ್ಲ. ಐವತ್ತು ವರ್ಷ ಹಳೆಯದಾದ ಈ ಮಾತನ್ನು ಊರಿನವರಿಗೆ ಅರ್ಥವಾಗುವ ಕನ್ನಡದಲ್ಲಿ, ತುಳುವಿನಲ್ಲಿ ಸಾರಿ ಹೇಳಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತಿತ್ತು.

ಎರಡು ದೇಶಗಳ ಎರಡು ಗೆರೆ

ಭಾರತದ 100 ವರ್ಷದ ಗೆರೆ ಪ್ರತಿ ವರ್ಷ ಮುಂದಕ್ಕೆ ಸರಿಯುತ್ತದೆ. ಅಮೆರಿಕದ ಒಪ್ಪಂದದ ಗೆರೆ ನಿಂತಲ್ಲೇ ನಿಂತಿದೆ. ಅದರ ವ್ಯಾಪ್ತಿಗೆ 1770ರವರೆಗಿನ ಪುರಾತತ್ತ್ವ ವಸ್ತುಗಳು, ಜೊತೆಗೆ ಕ್ರಿಸ್ತಪೂರ್ವ 2ನೇ ಶತಮಾನದಿಂದ 1947ರವರೆಗಿನ ಕೆಲವು ಜನಾಂಗೀಯ ವಸ್ತುಗಳು ಬರುತ್ತವೆ. ಧಾರ್ಮಿಕ ಮತ್ತು ಆಚರಣೆಯ ಪರಿಕರಗಳು ಈ ಎರಡನೆಯ ವರ್ಗಕ್ಕೆ ಸೇರಿವೆ. ದೈವದ ಉರು ಬೀಳುವುದು ಇಲ್ಲಿಗೇ.

1935ರಲ್ಲಿ ಕೆತ್ತಿದ ಹಂದಿಯೊಂದನ್ನು ತೆಗೆದುಕೊಳ್ಳೋಣ. 2035ರವರೆಗೆ ಅದು ಭಾರತದ ಕಾನೂನಿನಲ್ಲಿ ಪುರಾತನ ವಸ್ತುವಲ್ಲ, ಹಾಗಾಗಿ ಕಳುಹಿಸುವವರಿಗೆ ಇಲ್ಲಿ ತಡೆಯಿಲ್ಲ. ಅಮೆರಿಕದ ಬಂದರಿನಲ್ಲಿ ಮಾತ್ರ ಅದು 1947ಕ್ಕಿಂತ ಹಿಂದಿನ ಧಾರ್ಮಿಕ ವಸ್ತು, ದಾಖಲೆ ಎಲ್ಲಿ ಎಂಬ ಪ್ರಶ್ನೆ ಏಳಬಹುದು. ಇಲ್ಲಿ ಕಾನೂನುಬದ್ಧವಾದ ವಸ್ತು ಅಲ್ಲಿ ಅನುಮಾನಕ್ಕೆ ಗುರಿಯಾಗುತ್ತದೆ. ಈ ಎರಡು ಗೆರೆಗಳು ಕೂಡುವುದು 2047ರಲ್ಲಿ. ಅಲ್ಲಿಯವರೆಗೆ ನಡುವಿನ ವಸ್ತುಗಳಿಗೆಲ್ಲ ಕಾಗದಪತ್ರವೇ ರಕ್ಷೆ, ಅದೂ ಹೊರಡುವ ಮೊದಲೇ ಮಾಡಿಸಿಕೊಂಡದ್ದು. ಒಪ್ಪಂದ ಹಿಂದಿನ ಕಾಲಕ್ಕೆ ಅನ್ವಯಿಸದ ಕಾರಣ, ದಶಕಗಳ ಹಿಂದೆಯೇ ಹೊರಹೋಗಿ ವಿದೇಶಿ ಸಂಗ್ರಹಗಳಲ್ಲಿ ನೆಲೆಯಾದ ವಸ್ತುಗಳನ್ನು ಇದೊಂದರ ಬಲದಿಂದ ಮರಳಿ ಪಡೆಯಲು ಆಗುವುದಿಲ್ಲ.

ಮರದ ವಯಸ್ಸು ಹೇಳುವವರು ಯಾರು

ಎಲ್ಲ ನಿಯಮಗಳೂ ನಿಂತಿರುವುದು ವಯಸ್ಸಿನ ಮೇಲೆ. ಮರ ಆ ವಯಸ್ಸನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಪ್ರಯೋಗಾಲಯಕ್ಕೆ ಕಳುಹಿಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮರದಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆಯುವ ಇಂಗಾಲ-14ರ ಪರೀಕ್ಷೆ ಸಾವಿರಾರು ವರ್ಷ ಹಳೆಯ ಮರಕ್ಕೆ ಒಳ್ಳೆಯ ಸಾಧನ. ಆದರೆ ಸುಮಾರು 1650ರಿಂದ 1950ರವರೆಗಿನ ಅವಧಿಯಲ್ಲಿ ವಾತಾವರಣದ ಇಂಗಾಲ-14ರ ಪ್ರಮಾಣ ಏರಿಳಿದ ರೀತಿಯಿಂದಾಗಿ ಒಂದೇ ಮಾದರಿಗೆ ಹಲವು ಕಾಲಗಳು ಹೊಂದಿಬಿಡುತ್ತವೆ. ಕಲ್ಲಿದ್ದಲಿನ ಹೊಗೆ ಅದನ್ನು ಇನ್ನಷ್ಟು ಗೋಜಲಾಗಿಸಿದೆ. 90 ವರ್ಷದ ಉರು ಯಾವುದು, 200 ವರ್ಷದ್ದು ಯಾವುದು ಎಂದು ಬೇರ್ಪಡಿಸಲು ಅದರಿಂದ ಆಗದು. ಒಂದು ಸಂಗತಿಯನ್ನು ಮಾತ್ರ ಅದು ಖಚಿತವಾಗಿ ಹೇಳಬಲ್ಲದು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ವಿಪರೀತ ಹೆಚ್ಚಿತು, ಆಮೇಲೆ ಬೆಳೆದ ಮರದಲ್ಲಿ ಅದರ ಗುರುತು ಉಳಿದಿರುತ್ತದೆ. ಎಂದರೆ ‘ಇದು ಹೊಸ ಮರ’ ಎನ್ನಬಹುದು, ‘ಇದು ನೂರು ದಾಟಿದ್ದು’ ಎನ್ನಲಾಗದು. ಮರದ ಉಂಗುರ ಎಣಿಸೋಣವೆಂದರೆ, ತಂಪು ದೇಶಗಳ ಮರಗಳಂತೆ ಹಲಸು ವರ್ಷಕ್ಕೊಂದು ಸ್ಪಷ್ಟ ಉಂಗುರ ಹಾಕುವ ಜಾತಿಯಲ್ಲ.

ಪರೀಕ್ಷೆ ಹೇಳುವುದು ಮರ ಬೆಳೆದ ಕಾಲವನ್ನು, ಉಳಿ ತಾಗಿದ ಕಾಲವನ್ನಲ್ಲ. ಹಳೆಯ ನಾಲ್ಕುಸುತ್ತಿನ ಮನೆ ಕೆಡವಿದಾಗ ಹಲಸಿನ ತೊಲೆ, ಕಂಬಗಳು ಗುಜರಿಗೆ ಬರುತ್ತವೆ. ಆ ತೊಲೆಯಿಂದ ಕಳೆದ ವಾರ ಕೆತ್ತಿದ ಹುಲಿಗೆ ಪ್ರಯೋಗಾಲಯ ಶತಮಾನದ ವಯಸ್ಸು ಕೊಟ್ಟರೆ ಅಚ್ಚರಿಯಿಲ್ಲ.

ಹಾಗಾಗಿ ಕೊನೆಗೆ ತೀರ್ಪು ಕೊಡುವುದು ಪಳಗಿದ ಕಣ್ಣು. ಉರುವಿನ ಮುಂಭಾಗಕ್ಕಿಂತ ತಳ ಮತ್ತು ಬೆನ್ನೇ ಹೆಚ್ಚು ಮಾತಾಡುತ್ತವೆ. ಬಣ್ಣ ಬಳಿಯದ ಒಳಗಡೆ ಬಾಚಿಯ ಏಟುಗಳು ಹೆಚ್ಚುಕಡಿಮೆ ಆಳದಲ್ಲಿ ಉಳಿದಿವೆಯೇ, ಯಂತ್ರದ ಗರಗಸ ಬಿಟ್ಟ ಸಮಾನಾಂತರ ಗೀರುಗಳಿವೆಯೇ ಎಂದು ನೋಡುತ್ತಾರೆ. ಹೊಸ ಹಲಸಿನ ಹಳದಿ ತಿರುಳು ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಆ ಬದಲಾವಣೆ ಸೀಳಿನ ಒಳಗೂ ಇಳಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಬಣ್ಣ ಎಷ್ಟು ಪದರ, ಅಡಿಯ ಪದರ ಖನಿಜದ ಕೆಂಪೋ ಡಬ್ಬಿಯ ಎನಾಮೆಲ್ಲೋ. ಮೊಳೆ ಕಮ್ಮಾರನ ಕೈಯದೋ ಕಾರ್ಖಾನೆಯದೋ. ಹುಳು ಕೊರೆದ ತೂತು ಬಣ್ಣವನ್ನೂ ದಾಟಿದೆಯೋ ಅಥವಾ ಕೊರೆದ ಮೇಲೆ ಬಣ್ಣ ಬಂದಿದೆಯೋ. ಹಳೆಯದೆಂದು ನಂಬಿಸಲು ಹೊಗೆ ಹಿಡಿಸುವುದು, ಕೆಸರಿನಲ್ಲಿ ಹೂಳುವುದು, ಚಹಾದ ಕಷಾಯ ಬಳಿಯುವುದು ವ್ಯಾಪಾರದಲ್ಲಿ ಹಳೆಯ ವಿದ್ಯೆಗಳೇ. ಹಾಗೆ ‘ಹಣ್ಣು ಮಾಡಿದ’ ಹೊಸ ಹಂದಿ ಕಸ್ಟಮ್ಸ್‌ನಲ್ಲಿ ಪುರಾತನವೆಂದು ಸಿಕ್ಕಿಬಿದ್ದರೆ ಮಾಡಿದವನ ಕೌಶಲಕ್ಕೆ ಅದೊಂದು ಪ್ರಶಸ್ತಿಯೇ ಸರಿ, ಪೇಚಿಗೆ ಬೀಳುವವನು ಕೊಂಡವನು.

ಇದರ ಪರಿಣಾಮ ನೇರವಾಗಿ ತಟ್ಟುವುದು ಪ್ರಾಮಾಣಿಕ ಕೆತ್ತನೆಗಾರರಿಗೆ. ವಸ್ತು ಪುರಾತನವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಜ್ಞರು ಕೊಡುತ್ತಾರೆ. ಅನುಮಾನ ಬಂದ ಕಡೆ ತಜ್ಞರು ಎಚ್ಚರಿಕೆಯ ಕಡೆಗೇ ವಾಲುವುದು ಸಹಜ, ಏಕೆಂದರೆ ಹೊಸದನ್ನು ತಡೆದರೆ ಒಬ್ಬ ಗಿರಾಕಿಗೆ ತೊಂದರೆ, ಹಳೆಯದನ್ನು ಬಿಟ್ಟರೆ ಅದು ಶಾಶ್ವತವಾಗಿ ಕೈತಪ್ಪುತ್ತದೆ. ಸಾಂಪ್ರದಾಯಿಕ ಬಣ್ಣ, ಸಾಂಪ್ರದಾಯಿಕ ಉಪಕರಣ ಬಳಸಿ ಮಾಡಿದ ಕೆಲಸವೇ ಹಳೆಯದರಂತೆ ಕಾಣುವುದರಿಂದ, ಕಸುಬನ್ನು ಚೆನ್ನಾಗಿ ಉಳಿಸಿಕೊಂಡವನಿಗೇ ಹೆಚ್ಚು ಕಿರಿಕಿರಿ. ಎನಾಮೆಲ್ ಬಳಿದ, ಯಂತ್ರದಲ್ಲಿ ಕೊರೆದ ಹಂದಿಯನ್ನು ಯಾರೂ ತಡೆಯುವುದಿಲ್ಲ.

ಹಳೆಯದನ್ನು ನೀರಿಗೆ ಬಿಡುವ ನಂಬಿಕೆ

ಕಾನೂನು ಹಳೆಯದಾದಷ್ಟೂ ಬೆಲೆ ಎನ್ನುತ್ತದೆ. ದೈವಾರಾಧನೆಯ ಲೆಕ್ಕ ಬೇರೆ. ಮರ ಜೀರ್ಣವಾದರೆ, ಬಿಂಬ ಒಡೆದರೆ, ಜ್ಯೋತಿಷ್ಯದ ಪ್ರಶ್ನೆ ಇಟ್ಟು ನೋಡಿ ಜೀರ್ಣೋದ್ಧಾರಕ್ಕೆ ಮುಂದಾಗುತ್ತಾರೆ. ಹಳೆಯ ಬಿಂಬದ ಸಾನ್ನಿಧ್ಯವನ್ನು ಕಲಾಸಂಕೋಚದ ವಿಧಿಯಿಂದ ಕಲಶಕ್ಕೆ ತಂದು, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿಟ್ಟು, ಹೊಸ ಬಿಂಬ ಸಿದ್ಧವಾದ ಮೇಲೆ ಅದಕ್ಕೆ ಪ್ರತಿಷ್ಠೆ ಮಾಡುತ್ತಾರೆ. ಆಮೇಲೆ ಹಳೆಯ ಮರದಲ್ಲಿ ದೈವವಿಲ್ಲ. ಅದನ್ನು ಹೊಳೆಗೋ ಸಮುದ್ರಕ್ಕೋ ಬಿಡುವುದು, ಮಣ್ಣಾಗಲು ಬಿಡುವುದು ರೂಢಿ.

ಇದು ಕರಾವಳಿಗೆ ಮಾತ್ರ ಸೀಮಿತವಾದ ಪದ್ಧತಿಯೂ ಅಲ್ಲ. ಪುರಿಯ ಜಗನ್ನಾಥನ ಮರದ ಮೂರ್ತಿಗಳು 12ರಿಂದ 19 ವರ್ಷಕ್ಕೊಮ್ಮೆ ಬದಲಾಗುತ್ತವೆ. 1996ರ ಬಳಿಕ 2015ರಲ್ಲಿ ಈ ಬದಲಾವಣೆಯ ವಿಧಿಯಾದ ನವಕಳೇಬರ ನಡೆಯಿತು, ಹಳೆಯ ಮೂರ್ತಿಗಳನ್ನು ದೇವಾಲಯದ ಆವರಣದ ಕೊಯಿಲಿ ವೈಕುಂಠದಲ್ಲಿ ಹೂಳಲಾಯಿತು. ಮರದ ದೇವರಿಗೆ ಮುಪ್ಪು ಉಂಟು ಎಂಬುದನ್ನು ಒಪ್ಪಿಕೊಂಡ ಪರಂಪರೆ ಅದು.

ಪುರಿಯಲ್ಲಿ ಹೂಳುವುದಕ್ಕೆ ಜಾಗವಿದೆ, ನಿಯಮವಿದೆ, ಹೊಣೆ ಹೊತ್ತವರಿದ್ದಾರೆ. ಊರಿನ ಸಣ್ಣ ದೈವಸ್ಥಾನದ ಸ್ಥಿತಿ ಹಾಗಲ್ಲ. ಪ್ರತಿಷ್ಠೆಯ ಉತ್ಸವವಾದ ಬ್ರಹ್ಮಕಲಶದ ಗಡಿಬಿಡಿಯಲ್ಲಿ ಹಳೆಯ ಉರು ಗೋಡೆಗೆ ಒರಗಿ ಬಿದ್ದಿರುತ್ತದೆ. ಹೇಗೂ ವಿಸರ್ಜಿಸುವುದೇ ತಾನೇ, ನಾನು ಒಯ್ಯುತ್ತೇನೆ ಎಂದು ಒಬ್ಬ ಬರುತ್ತಾನೆ, ಜೀರ್ಣೋದ್ಧಾರಕ್ಕೆ ಒಂದಿಷ್ಟು ದೇಣಿಗೆಯನ್ನೂ ಕೊಡುತ್ತಾನೆ. ಕೊಟ್ಟವರಿಗೆ ತಾವು ಮಾರಿದೆವು ಎಂಬ ಭಾವವೇ ಬರುವುದಿಲ್ಲ. ಅಲ್ಲಿಂದ ಮುಂದೆ ಅದು ಮಾರುಕಟ್ಟೆಯ ಸರಕು. ಕಳ್ಳತನವಾಗಿದ್ದರೆ ಪೊಲೀಸ್ ದೂರು ಇರುತ್ತಿತ್ತು, ಹತ್ತು ವರ್ಷದ ಮೇಲೆ ಹರಾಜಿನ ಪಟ್ಟಿಯಲ್ಲಿ ಕಂಡರೆ ನಮ್ಮದೆಂದು ಹೇಳಲು ಆಧಾರವಿರುತ್ತಿತ್ತು. ಇಲ್ಲಿ ದೂರೂ ಇಲ್ಲ, ಫೋಟೊವೂ ಇಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ಬಾಯಿ ಇರುವುದು ಇಲ್ಲೇ. ಉರುಗಳು ಕೈತಪ್ಪುವುದನ್ನು ತಡೆಯಲು ವಿಮಾನ ನಿಲ್ದಾಣದಲ್ಲಿ ಕಾದು ಕುಳಿತರೆ ಬಹಳ ತಡವಾಗಿರುತ್ತದೆ. ದೇಶದಲ್ಲಿ ಸುಮಾರು 58 ಲಕ್ಷ ಪುರಾತನ ವಸ್ತುಗಳಿವೆ ಎಂಬ ಅಂದಾಜಿದೆ. 2007ರಲ್ಲಿ ಶುರುವಾದ ಸ್ಮಾರಕಗಳು ಮತ್ತು ಪುರಾತನ ವಸ್ತುಗಳ ರಾಷ್ಟ್ರೀಯ ಅಭಿಯಾನ ದಾಖಲಿಸಿದ್ದು 16 ಲಕ್ಷ ಚಿಲ್ಲರೆ. ಕುಟುಂಬಗಳು ನಡೆಸುವ ದೈವಸ್ಥಾನಗಳು ಇಂಥ ಪಟ್ಟಿಗಳಿಗೆ ಸಿಗುವುದು ಕಷ್ಟ.

ಮೆಕ್ಕೆಕಟ್ಟು ತೋರಿದ ದಾರಿ, ಅದರ ಮಿತಿ

ಉಡುಪಿ ಜಿಲ್ಲೆಯ ಬಾರ್ಕೂರು ಸಮೀಪದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಮರದ ಉರುಗಳು ಪ್ರಸಿದ್ಧ. ಕೆಂಪು ಬಣ್ಣ ಮೆರೆಯುವ ನೂರಕ್ಕೂ ಮಿಕ್ಕಿದ ಉರುಗಳ ಸಮೂಹ ಅದು: ನಂದಿ, ಕಾವಲಿನ ಬಂಟರು, ದೈವಗಳು, ಪ್ರಾಣಿಗಳು. ಕಳೆದ ಶತಮಾನದಲ್ಲಿ ಅಲ್ಲಿ ಹೊಸ ಉರುಗಳನ್ನು ನಿಲ್ಲಿಸಿದಾಗ, ಹಳೆಯವುಗಳಲ್ಲಿ ಕೆಲವು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ಅಲ್ಲಿ ಅವುಗಳಿಗೆಂದೇ ಒಂದು ಭೂತ (ದೈವ) ಗ್ಯಾಲರಿ ಇದೆ. ಊರಿನಲ್ಲಿ ಪೂಜೆ ಹೊಸದಕ್ಕೆ ಮುಂದುವರಿಯಿತು, ಹಳೆಯದು ನೀರುಪಾಲಾಗದೆ ಉಳಿಯಿತು.

ಈ ಏರ್ಪಾಡನ್ನು ಎಲ್ಲರೂ ಮೆಚ್ಚುವುದಿಲ್ಲ. ವಿಸರ್ಜಿಸಬೇಕಾದ್ದನ್ನು ಗಾಜಿನ ಹಿಂದೆ ನಿಲ್ಲಿಸಿದರೆ ವಿಧಿ ಅಪೂರ್ಣ ಎನ್ನುವ ಆಸ್ತಿಕರಿದ್ದಾರೆ. ಅವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಆ ವಸ್ತುವನ್ನು ಮಾಡಿಸಿದ್ದೇ ಆ ನಂಬಿಕೆ. ಕಲಾ ಇತಿಹಾಸಕಾರರ ವಾದವೂ ಗಟ್ಟಿಯಾದದ್ದೇ: ಹಳೆಯ ಉರು ಕರಗಿಹೋದರೆ ಮುಂದಿನ ಶಿಲ್ಪಿಗೆ ಅಳತೆ, ಬಣ್ಣ, ಭಂಗಿಯ ಮಾದರಿಯೇ ಇರುವುದಿಲ್ಲ. ಸಂಗ್ರಾಹಕರು ತಾವು ಕೊಳ್ಳದಿದ್ದರೆ ಗೆದ್ದಲಿಗೆ ಹೋಗುತ್ತಿತ್ತು ಎನ್ನುತ್ತಾರೆ. ಇದರಲ್ಲಿ ಸತ್ಯವಿದ್ದರೂ ಅನುಕೂಲದ ಸತ್ಯ, ಏಕೆಂದರೆ ಕೊಳ್ಳುವವರ ಬೇಡಿಕೆಯೇ ಇನ್ನೂ ಗಟ್ಟಿಯಿರುವ ಉರುವನ್ನು ಅವಸರದಲ್ಲಿ ಜೀರ್ಣವೆಂದು ಸಾರುವ ಆಸೆ ಹುಟ್ಟಿಸಬಹುದು.

ದೆಹಲಿಗೇ ಹೋಗಬೇಕೆಂದಿಲ್ಲ. ಧರ್ಮಸ್ಥಳದ ಮಂಜೂಷಾ, ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮ, ಬಂಟ್ವಾಳದ ರಾಣಿ ಅಬ್ಬಕ್ಕ ಹೆಸರಿನ ತುಳು ವಸ್ತುಸಂಗ್ರಹಾಲಯ ಇವೆಲ್ಲ ಕರಾವಳಿಯಲ್ಲೇ ಇವೆ. ಉರು ಊರಿನ ಆಸುಪಾಸಿನಲ್ಲಿದ್ದರೆ ಶಿಲ್ಪಿ ಹೋಗಿ ಅಳತೆ ತೆಗೆದುಕೊಂಡು ಬರಬಹುದು.

ಕೆತ್ತುವವರ ಲೆಕ್ಕ

ಹಲಸೇ ಏಕೆ ಎಂದರೆ ಅದು ಹಿತ್ತಿಲಲ್ಲೇ ಸಿಗುತ್ತದೆ, ಉಳಿಗೆ ಒಗ್ಗುತ್ತದೆ, ಗೆದ್ದಲಿಗೆ ಬೇಗ ಸೋಲುವುದಿಲ್ಲ. ಕಾಂಡದ ನಟ್ಟನಡುವಿನ ಬೆಂಡು ಉಳಿದರೆ ಒಣಗುವಾಗ ಮರ ಬಿರಿಯುತ್ತದೆ. ಆದ್ದರಿಂದ ದೊಡ್ಡ ಉರುವನ್ನು ಹಿಂದಿನಿಂದ ಟೊಳ್ಳು ಮಾಡುವುದು, ನಡುಭಾಗ ಬಿಟ್ಟು ದಿಮ್ಮಿ ಸೀಳುವುದು ಕಸುಬಿನ ಮೊದಲ ಪಾಠ. ಹಂದಿಯ ಕಿವಿ, ನಾಲಿಗೆಯಂಥ ತೆಳು ಭಾಗಗಳನ್ನು ನಾರಿನ ದಿಕ್ಕಿಗೆ ಅಡ್ಡವಾಗಿ ಕೆತ್ತಿದರೆ ಚಟ್ಟನೆ ಮುರಿಯುತ್ತವೆ, ಅದಕ್ಕೇ ಬೇರೆ ತುಂಡಿನಲ್ಲಿ ಮಾಡಿ ಕೂಡಿಸುತ್ತಾರೆ. ಚೆನ್ನಾಗಿ ಒಣಗಿದ ಮರಕ್ಕೆ ಕಾಯಬೇಕು, ಕಾಯುವುದಕ್ಕೆ ಕೈಯಲ್ಲಿ ಹಣವಿರಬೇಕು. ಅಲಂಕಾರದ ಹಂದಿಗಳ ಮಾರುಕಟ್ಟೆ ಕಾಯುವುದಿಲ್ಲ. ಹಸಿ ಮರದಲ್ಲಿ ಕೆತ್ತಿ, ಬಣ್ಣದಿಂದ ಮುಚ್ಚಿ ಕಳುಹಿಸಿದ್ದು ಎಸಿ ಕೋಣೆಯಲ್ಲಿ ಕೆಲವೇ ತಿಂಗಳಲ್ಲಿ ಸೀಳುತ್ತದೆ.

ದೈವದ ಉರು ಕೆತ್ತುವ ಶಿಲ್ಪಿಗೆ ಮರಕ್ಕೆ ಮುಹೂರ್ತ, ಕೆಲಸಕ್ಕೆ ನೇಮನಿಷ್ಠೆ, ಕೊನೆಗೆ ಕಣ್ಣು ಬಿಡಿಸುವ ನೇತ್ರೋನ್ಮೀಲನ ಇವೆಲ್ಲ ಉಂಟು. ಗೋಡೆಗೆ ತೂಗುವ ಹಂದಿಗೆ ಇವು ಯಾವುದೂ ಇಲ್ಲ. ದೈವವನ್ನು ಅಲಂಕಾರದ ವಸ್ತು ಮಾಡಬೇಡಿ ಎಂಬ ಆಕ್ಷೇಪ ಕರಾವಳಿಯಲ್ಲಿ ಬಲವಾಗಿದೆ. ವರ್ಷಕ್ಕೆ ಬೆರಳೆಣಿಕೆಯ ಉರುಗಳ ಕೆಲಸ ಸಿಗುವ ಶಿಲ್ಪಿ ಮಾತ್ರ ಉಳಿದ ತಿಂಗಳುಗಳಲ್ಲಿ ಏನು ಮಾಡಬೇಕು ಎಂಬುದಕ್ಕೆ ಆಕ್ಷೇಪಿಸುವವರಲ್ಲಿ ಉತ್ತರವಿಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ದೇವರ ವಾಹನಗಳ ಜೊತೆಗೇ ಆಟಿಕೆ, ಅಲಂಕಾರದ ಪ್ರಾಣಿಗಳನ್ನೂ ಮಾಡಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿದ್ದಾರೆ. ಅಲ್ಲಿ ಎರಡೂ ಒಟ್ಟಿಗೆ ನಡೆಯುತ್ತಿವೆ. ಕರಾವಳಿಯಲ್ಲಿ ಇದು ಇಷ್ಟು ಸಲೀಸಲ್ಲ, ಪಂಜುರ್ಲಿ ಆಟಿಕೆಯಲ್ಲವಲ್ಲ.

ಮುಂದೇನು

1972ರ ಕಾಯ್ದೆಯನ್ನು ಬದಲಿಸಬೇಕೆಂಬ ಮಾತು ಹಲವು ವರ್ಷಗಳಿಂದ ಇದೆ, 2017ರಲ್ಲಿ ಕರಡು ಮಸೂದೆಯೊಂದು ಹೊರಬಂದು ಅಲ್ಲಿಗೇ ನಿಂತಿತು. ದೇಶದೊಳಗಿನ ವ್ಯಾಪಾರದ ಬಿಗಿ ಸಡಿಲಿಸಿದರೆ ಬಚ್ಚಿಟ್ಟ ವಸ್ತುಗಳು ಬೆಳಕಿಗೆ ಬಂದು ದಾಖಲಾಗುತ್ತವೆ ಎಂಬುದು ಒಂದು ವಾದ. ಸಡಿಲಿಸಿದರೆ ಬೆಲೆ ಏರಿ, ಇನ್ನೂ ಪೂಜೆಯಲ್ಲಿರುವ ಉರುಗಳ ಮೇಲೂ ಕಣ್ಣು ಬೀಳುತ್ತದೆ ಎಂಬುದು ಇನ್ನೊಂದು. ಲೋಹ, ಕಲ್ಲಿನ ವಿಷಯದಲ್ಲಿ ಮೊದಲನೆಯದು ಸರಿಯಿರಬಹುದು. ಜೀರ್ಣೋದ್ಧಾರದ ನೆಪದಲ್ಲಿ ಸದ್ದಿಲ್ಲದೆ ಕೈ ಬದಲಿಸಬಲ್ಲ ಮರದ ವಸ್ತುವಿಗೆ ಎರಡನೆಯ ಭಯವೇ ಹೆಚ್ಚು ನಿಜ.

ಕಾಯ್ದೆ ಬದಲಾಗಲಿ ಬಿಡಲಿ, ದೈವಸ್ಥಾನಗಳ ಆಡಳಿತದವರು ಈಗಲೇ ಮಾಡಬಹುದಾದ ಕೆಲಸವಿದೆ. ಕಲಾಸಂಕೋಚಕ್ಕೆ ಮೊದಲು ಪ್ರತಿ ಉರುವಿನ ಮುಂಭಾಗ, ಬೆನ್ನು, ತಳದ ಫೋಟೊ, ಪಕ್ಕದಲ್ಲಿ ಅಳತೆಯ ಪಟ್ಟಿ, ಹಳೆಯದನ್ನು ಏನು ಮಾಡಲಾಯಿತು ಎಂಬ ಒಂದು ಸಾಲು, ಸಮಿತಿಯ ಸಹಿ. ವಿಸರ್ಜನೆ ಮಾಡಿದರೂ ಸರಿ, ಸಂಗ್ರಹಾಲಯಕ್ಕೆ ಕೊಟ್ಟರೂ ಸರಿ, ದಾಖಲೆ ಎರಡಕ್ಕೂ ಅಡ್ಡಿಯಲ್ಲ. ಮುಂದೊಂದು ದಿನ ಅದೇ ಉರು ವಿದೇಶದ ಹರಾಜಿನಲ್ಲಿ ಕಂಡರೆ, ಹಿಂದಿರುಗಿಸಿ ಎಂದು ಕೇಳಲು ಒಪ್ಪಂದದ ಸಾಲುಗಳಿಗಿಂತ ಆ ಫೋಟೊ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹೊಸ ಕೆತ್ತನೆಯನ್ನು ಹೊರದೇಶಕ್ಕೆ ಕಳುಹಿಸುವವರಿಗೂ ಮಾರ್ಗ ಇಂಥದ್ದೇ. ಶಿಲ್ಪಿಯ ರಸೀದಿ, ದಿಮ್ಮಿಯ ಹಂತದಿಂದ ಬಣ್ಣದವರೆಗಿನ ಫೋಟೊಗಳು, ತಳದಲ್ಲಿ ಇಸವಿ ಕೊರೆದ ಗುರುತು ಇದ್ದರೆ ಪ್ರಮಾಣಪತ್ರ ಪಡೆಯುವುದು ಸುಲಭವಾಗುತ್ತದೆ. ಬಣ್ಣದ ಮೇಲೆ ಇಸವಿ ಬರೆದರೆ ಪ್ರಯೋಜನವಿಲ್ಲ, ಅದನ್ನು ಕೆರೆದು ತೆಗೆದು ಹಂದಿಗೆ ನೂರು ವರ್ಷ ಸೇರಿಸುವವರು ದಾರಿಯುದ್ದಕ್ಕೂ ಇದ್ದಾರೆ.